ಚೀಟಿ ಮಾಮ ಸ್ಪ್ಯಾನಿಷ್ ಕಲಿತದ್ದು

ಲಾಂಡ್ರಿಯವರ ಮನೆಗೆ ಹೋದರೆ ಸುಮ್ಮನೆ ಕೂರಬೇಡಿ, ಆಗಾಗ ಕೈಕಾಲು ಆಡಿಸುತ್ತಿರಿ ಎಂದು ಆ ಬೀದಿಯವರು ಹೇಳುತ್ತಿದ್ದರು. ಹತ್ತು ನಿಮಿಷ ಅಲ್ಲಾಡದೆ ಕೂತವರ ಕಾಲರಿಗೆ ಅವರು ಚೀಟಿ ಚುಚ್ಚಿಬಿಡುತ್ತಾರಂತೆ.

ಇದರಲ್ಲಿ ಸುಳ್ಳೆಷ್ಟು ನಿಜವೆಷ್ಟು ಎಂದರೆ, ಸುಳ್ಳು ಸ್ವಲ್ಪ ಕಡಿಮೆಯೇ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿಗೆ ಬಂದ ಪ್ರತಿ ಬಟ್ಟೆಗೂ ಹೆಬ್ಬೆರಳಿನಗಲದ ಒಂದು ಬಟ್ಟೆಯ ಚೀಟಿ, ಅದರ ಮೇಲೆ ನೂರು ಸಲ ಒಗೆದರೂ ಹೋಗದ ಮಸಿಯಲ್ಲಿ ಗಿರಾಕಿಯ ನಂಬರು, ಮೇಲೊಂದು ಪಿನ್ನು. ಕೈಗೆ ಈ ಚಾಳಿ ಎಷ್ಟು ಹತ್ತಿತ್ತೆಂದರೆ ಮನೆಯ ಕೊಡೆಗೂ ಚೀಟಿ, ಹೆಂಡತಿಯ ಶಾಲಿಗೂ ಚೀಟಿ, ಮಗಳ ಶಾಲೆಯ ಚೀಲಕ್ಕೆ ಎರಡು ಚೀಟಿ. ಬೀದಿಯವರು ಅವರ ಸ್ವಂತ ಹೆಸರು ಮರೆತು ಚೀಟಿ ಮಾಮ ಎಂದೇ ಕರೆಯುತ್ತಿದ್ದರು. ಅದಕ್ಕೆ ಅವರಿಗೆ ಬೇಸರವೇನೂ ಇರಲಿಲ್ಲ.

"ನಾನು ಚೀಟಿ ಹಾಕಿದ್ದು ಇವತ್ತಿನವರೆಗೂ ಒಂದೂ ಕಳೆದುಹೋಗಿಲ್ಲ" ಎಂದು ಇಸ್ತ್ರಿ ಪೆಟ್ಟಿಗೆಯನ್ನು ಕಿರೀಟದಂತೆ ಎತ್ತಿ ಹಿಡಿದು ಹೇಳುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು, ಹೈಸ್ಕೂಲಿನಲ್ಲಿದ್ದಳು. ಅವಳು ಎಷ್ಟು ಮೆಲ್ಲಗೆ ಮಾತಾಡುತ್ತಿದ್ದಳೆಂದರೆ, ಊಟಕ್ಕೆ ಕೂತು ಉಪ್ಪು ಕೇಳಿದರೆ ಅಮ್ಮನಿಗೆ ಕೇಳಿಸುವ ಹೊತ್ತಿಗೆ ಊಟ ಮುಗಿದಿರುತ್ತಿತ್ತು. ಹಾಗಾಗಿ ಮನೆಯಲ್ಲೂ ಬೀದಿಯಲ್ಲೂ ಅವಳು ಮೆಲ್ಲಿ. ಇಂಥ ಮೆಲ್ಲಿ ಆ ವರ್ಷ ಶಾಲೆಯಲ್ಲಿ ಹೊಸದಾಗಿ ಶುರುವಾದ ಸ್ಪ್ಯಾನಿಷ್ ತರಗತಿಗೆ ಹೆಸರು ಕೊಟ್ಟು ಬಂದಳು.

"ಇರೋ ಭಾಷೇಲೇ ಬಾಯಿ ಬಿಡಲ್ಲ, ಇನ್ನೊಂದು ಯಾಕೆ ಕೂಸೇ?" ಎಂದಳು ಅಮ್ಮ.

"ಅಲ್ಲಿ ಎಲ್ಲರೂ ಹೊಸಬರೇ ಅಮ್ಮ. ತಪ್ಪು ಮಾತಾಡಿದ್ರೆ ಯಾರೂ ನಗಲ್ಲ."

ಆದರೆ ಅಲ್ಲಿಯೂ ಮೆಲ್ಲಿ ಬಾಯಿ ಬಿಡಲಿಲ್ಲ. ಬರೆಯುವುದರಲ್ಲಿ ಮೊದಲಿಗಳು, ಹೇಳು ಎಂದರೆ ಮೂಕಿ. ಕೊನೆಗೆ ಟೀಚರಿಂದ ಮನೆಗೆ ಕಾಗದ ಬಂತು. ಇನ್ನು ಮೂರು ವಾರಕ್ಕೆ ಬಾಯಿಮಾತಿನ ಪರೀಕ್ಷೆ ಇದೆ, 'ನನ್ನ ಮನೆ' ಎಂಬ ವಿಷಯದ ಮೇಲೆ ಐದು ನಿಮಿಷ ಸ್ಪ್ಯಾನಿಷ್‌ನಲ್ಲಿ ಮಾತಾಡಬೇಕು, ಆಗದಿದ್ದರೆ ಮುಂದಿನ ವರ್ಷ ಈ ತರಗತಿಯಲ್ಲಿ ಜಾಗವಿಲ್ಲ ಎಂದು ಅದರಲ್ಲಿತ್ತು.

ಮೆಲ್ಲಿ ಆ ರಾತ್ರಿ ಊಟ ಮಾಡಲಿಲ್ಲ. ಚೀಟಿ ಮಾಮ ಕಾಗದವನ್ನು ಎರಡು ಸಲ ಓದಿ, ಮಡಿಸಿ, ಇಸ್ತ್ರಿ ಮಾಡಿದಷ್ಟು ನೀಟಾಗಿ ಜೇಬಿನಲ್ಲಿಟ್ಟುಕೊಂಡು ಘೋಷಿಸಿದರು:

"ನಾಳೆಯಿಂದ ನಾನೂ ಸ್ಪ್ಯಾನಿಷ್ ಕಲೀತೀನಿ. ಮಗು ಒಂಟಿಯಾಗಿ ಯಾಕೆ ಮಾತಾಡ್ಬೇಕು? ಮೂರು ವಾರ ಅಂದ್ರೆ ನನಗೆ ಜಾಸ್ತಿನೇ ಆಯ್ತು."

"ಟಿ.ವಿ. ರಿಮೋಟ್ ಕಲಿಯೋಕೆ ನಿಮಗೆ ಎಂಟು ತಿಂಗಳು ಹಿಡೀತು" ಎಂದಳು ಹೆಂಡತಿ.

"ರಿಮೋಟ್‌ಗೆ ನಾನು ಚೀಟಿ ಹಾಕಿರ್ಲಿಲ್ಲ ಕಣೇ, ಅದಕ್ಕೇ."

ಮರುದಿನ ಬೆಳಿಗ್ಗೆ ಮನೆ ಎದ್ದು ನೋಡಿದರೆ ಎಲ್ಲಿ ನೋಡಿದರೂ ಚೀಟಿ. ಮಗಳ ನೋಟುಪುಸ್ತಕ ನೋಡಿ, ಹೋಗದ ಮಸಿಯಲ್ಲಿ ಬರೆದದ್ದು. ಬಾಗಿಲಿಗೆ 'ಪುಯೆರ್ತಾ', ಕಿಟಕಿಗೆ 'ವೆಂತಾನಾ', ಮೇಜಿಗೆ 'ಮೇಸಾ'. ಬೆಕ್ಕಿಗೆ 'ಗಾತೊ' ಎಂದು ಕಟ್ಟಿದ್ದನ್ನು ಅದು ತಿಂದು ಮುಗಿಸಿತ್ತು. ಇಷ್ಟಕ್ಕೇ ನಿಲ್ಲಲಿಲ್ಲ. ಸ್ಪ್ಯಾನಿಷ್ ಮಾತಾಡುವ ಕಡೆಯ ಜನ ಮಧ್ಯಾಹ್ನ ಅಂಗಡಿ ಮುಚ್ಚಿ ಒಂದು ನಿದ್ದೆ ತೆಗೆಯುತ್ತಾರೆ ಎಂದು ಮೆಲ್ಲಿಯ ಪಾಠದಲ್ಲಿತ್ತು. ಚೀಟಿ ಮಾಮ ಇದನ್ನು ಮಾತ್ರ ಒಂದೇ ದಿನದಲ್ಲಿ ತಪ್ಪಿಲ್ಲದೆ ಕಲಿತರು. ಗಿರಾಕಿಗಳು ಬಾಗಿಲು ಬಡಿದರೆ ಒಳಗಿಂದ ಗೊರಕೆ ಕೇಳುತ್ತಿತ್ತು.

"ಮಾಮ, ಏನಿದು?" ಎಂದು ಎದುರಿನ ಕ್ಷೌರದಂಗಡಿಯವನು ಕೇಳಿದರೆ, "ಸಂಸ್ಕೃತಿ ಕಣಯ್ಯಾ, ನಿನಗೆ ಅರ್ಥ ಆಗಲ್ಲ" ಎಂಬ ಉತ್ತರ ಸಿಗುತ್ತಿತ್ತು.

ಮೂರನೆಯ ವಾರ ಅವರ ತಲೆಗೆ ಇನ್ನೂ ದೊಡ್ಡ ಯೋಚನೆ ಹೊಳೆಯಿತು. ದಿನವಿಡೀ ಕೈಯಲ್ಲಿ ಆಡುವುದು ಗಿರಾಕಿಗಳ ಬಟ್ಟೆ. ಅವುಗಳ ಮೇಲೆ ಹದಿನೇಳು, ಇಪ್ಪತ್ತಮೂರು ಎಂದು ಒಣ ನಂಬರು ಯಾಕೆ? ಒಬ್ಬೊಬ್ಬ ಗಿರಾಕಿಗೆ ಒಂದೊಂದು ಸ್ಪ್ಯಾನಿಷ್ ಪದ ಕೊಟ್ಟರೆ ಒಗೆಯುವಾಗಲೂ ಪಾಠ, ಒಣಗಿಸುವಾಗಲೂ ಪಾಠ. ಹಳೆಯ ನಂಬರಿನ ಚೀಟಿಗಳನ್ನೆಲ್ಲ ಒಲೆಗೆ ಹಾಕಿದರು. ಬಟ್ಟೆ ಬಂದ ಹಾಗೆ ಪದದ ಚೀಟಿಗಳ ಡಬ್ಬಿಗೆ ಕೈ ಹಾಕುವುದು, ಸಿಕ್ಕ ಪದ ಚುಚ್ಚುವುದು. ಹಲ್ಲಿನ ಡಾಕ್ಟರು ಒಂದು ಪದ, ಹೋಟೆಲಿನ ಅಡುಗೆಯವರು ಒಂದು ಪದ, ಬ್ಯಾಂಡ್ ಮಾಸ್ಟರು ಒಂದು ಪದ. ಕೌಂಟರಿನ ಹಿಂದೆ ಮೋಡದ ಮೇಲೆ ಕೂತಂತೆ ಬಟ್ಟೆಗಂಟುಗಳ ಮೇಲೆ ಕೂತು ಮೆಲ್ಲಿ ಓದಿಕೊಳ್ಳುತ್ತಿದ್ದಳು. ಅಪ್ಪ ಪದವನ್ನು ಕೊಂದಾಗಲೆಲ್ಲ ಅಲ್ಲಿಂದಲೇ ಪಿಸುಗುಟ್ಟಿ ಬದುಕಿಸುತ್ತಿದ್ದಳು.

"ಯಾರು ಯಾವ ಪದ ಅಂತ ಎಲ್ಲಾದ್ರೂ ಬರೆದಿಟ್ಟಿದ್ದೀರಾ?" ಎಂದು ಹೆಂಡತಿ ಕೇಳಿದಳು.

"ಬರೆದಿಟ್ರೆ ಕಲಿತ ಹಾಗಾಗುತ್ತಾ? ಎಲ್ಲ ಇಲ್ಲಿದೆ" ಎಂದು ಹಣೆ ತಟ್ಟಿಕೊಂಡರು.

ಶನಿವಾರ ಸಂಜೆ ಬಟ್ಟೆ ಕೊಡುವ ಹೊತ್ತು. ಸೋಮವಾರ ಮೆಲ್ಲಿಯ ಪರೀಕ್ಷೆ. ಅಂಗಡಿಯ ಮುಂದೆ ನಲವತ್ತು ಜನ. ಮೊದಲಿಗೆ ಹಲ್ಲಿನ ಡಾಕ್ಟರು ಕೈ ಚಾಚಿದರು. ಚೀಟಿ ಮಾಮ ಹಣೆ ತಟ್ಟಿಕೊಂಡರು. ಏನೂ ಬರಲಿಲ್ಲ. ಇನ್ನೊಮ್ಮೆ ತಟ್ಟಿದರು. ಒಳಗಡೆ ಮಧ್ಯಾಹ್ನದ ನಿದ್ದೆ ನಡೆಯುತ್ತಿತ್ತು.

ಬಣ್ಣದ ಬಟ್ಟೆಯಾಗಿದ್ದರೆ ಕಣ್ಣಳತೆಯಲ್ಲೇ ಹೇಳಬಹುದಿತ್ತು. ಆದರೆ ಡಾಕ್ಟರ ಕೋಟು ಬಿಳಿ, ಅಡುಗೆಯವರ ಕೋಟು ಬಿಳಿ, ಕ್ಷೌರದಂಗಡಿಯವನ ಕೋಟು ಬಿಳಿ, ಬ್ಯಾಂಡಿನ ಹದಿನಾರು ಜನರ ಅಂಗಿಗಳೂ ಬಿಳಿ. ಧೈರ್ಯ ಮಾಡಿ ಒಂದು ಗಂಟು ಎತ್ತಿ ಕೊಟ್ಟರು. ಡಾಕ್ಟರು ಕೋಟು ತೊಟ್ಟು ನೋಡಿದರೆ ತೋಳು ಮೊಣಕೈಗೇ ಮುಗಿಯಿತು.

"ರೀ, ಕಿಟಕಿ ಯಾರು?" ಗಂಟುಗಳ ನಡುವಿನಿಂದ ಹೆಂಡತಿ ಕೇಳಿದಳು.

"ಕಿಟಕಿ... ಅಡುಗೆಯವರಿರಬೇಕು."

"ಆಗಲೇ ಅವರನ್ನ ಕುರ್ಚಿ ಅಂದ್ರಿ."

"ಹಾಗಾದ್ರೆ ಬಾಗಿಲು ಯಾರು?"

"ನನ್ನ ಕೇಳ್ತೀರಲ್ಲ. ಮದುವೆಯಾಗಿ ಬಂದಾಗಿಂದ ನನಗೆ ಗೊತ್ತಿರೋದು ಹದಿನೇಳು, ಹದಿನೆಂಟು."

"ಮಾಮ, ಹನ್ನೊಂದು ವರ್ಷದಿಂದ ನಾನು ಹದಿನೇಳು" ಎಂದು ಕ್ಷೌರದಂಗಡಿಯವನು ಕೂಗಿದ. "ಇವತ್ತು ನಾನು ಏನಾಗಿದ್ದೀನಿ ಅಂತಾದ್ರೂ ಹೇಳಿ. ಮನೇಲಿ ಹೆಂಡತಿ ಕೇಳ್ತಾಳೆ."

ಜನ ಮೊದಲು ನಕ್ಕರು, ಆಮೇಲೆ ನಗಲಿಲ್ಲ. ಬ್ಯಾಂಡ್ ಮಾಸ್ಟರಿಗೆ ಒಂದು ಗಂಟೆಯಲ್ಲಿ ಬಾರಿಸಲು ಹೋಗಬೇಕಿತ್ತು. ಇಪ್ಪತ್ತೆರಡು ವರ್ಷದ ಅಂಗಡಿ ಇದೇನಾ ಎಂದು ಯಾರೋ ಅಂದರು. ಚೀಟಿ ಮಾಮ ಒಂದು ಕೋಟು ಎತ್ತಿ, ಚೀಟಿ ಓದಿ, ಮತ್ತೆ ಕೆಳಗಿಟ್ಟರು. ಯಾವತ್ತೂ ಒಂದು ಕರವಸ್ತ್ರವನ್ನೂ ಕಳೆಯದ ಮನುಷ್ಯ ಆ ಸಂಜೆ ಇಡೀ ಬೀದಿಯನ್ನೇ ಕಳೆದು ಕೂತಿದ್ದರು.

ಆಗ ಕೌಂಟರಿನ ಹಿಂದಿನಿಂದ ಪಿಸುದನಿ ಬಂತು. "ಕಿಟಕಿ ಕ್ಷೌರದಂಗಡಿ ಅಂಕಲ್."

ಯಾರಿಗೂ ಕೇಳಲಿಲ್ಲ. ಮೆಲ್ಲಿ ಅಪ್ಪನ ಮುಖ ನೋಡಿದಳು. ಆಮೇಲೆ ಇಸ್ತ್ರಿ ಮೇಜಿನ ಪಕ್ಕದ ಸ್ಟೂಲು ಹತ್ತಿ ನಿಂತಳು.

"ಸೆನ್ಯೋರ್ ವೆಂತಾನಾ" ಎಂದಳು. ಸ್ವಲ್ಪ ಕೇಳಿತು. ಉಸಿರೆಳೆದುಕೊಂಡು ಇನ್ನೊಮ್ಮೆ ಕೂಗಿದಳು. ಬೀದಿಯ ಆ ತುದಿಯ ನಾಯಿ ಎದ್ದು ಕೂತಿತು.

"ಯಾರಮ್ಮ ಅದು?" ಎಂದು ಕ್ಷೌರದಂಗಡಿಯವನು ಕೇಳಿದ.

"ನೀವೇ ಅಂಕಲ್. ಸೆನ್ಯೋರ್ ಅಂದ್ರೆ ಸ್ವಾಮಿ, ವೆಂತಾನಾ ಅಂದ್ರೆ ಕಿಟಕಿ. ನೀವು ಯಾವಾಗಲೂ ಕಿಟಕೀಲೇ ಇರ್ತೀರಲ್ಲ, ನಮ್ಮನೆ ಕಡೆ ನೋಡ್ತಾ."

ನಲವತ್ತು ಜನರೂ ನಕ್ಕರು. ಕ್ಷೌರದಂಗಡಿಯವನು ಕೆಂಪಗಾಗಿ ಕೋಟು ಇಸಿದುಕೊಂಡ. ಪದ ನೆನಪಿರಬೇಕಾದರೆ ಅದನ್ನು ಗೊತ್ತಿರುವ ಒಂದು ಮುಖಕ್ಕೆ ಅಂಟಿಸಿ ಎಂದು ಟೀಚರು ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಅಪ್ಪ ಚುಚ್ಚಿದ ಒಂದೊಂದು ಚೀಟಿಯನ್ನೂ ಮೆಲ್ಲಿ ಗಂಟುಗಳ ಮೇಲೆ ಕೂತೇ ಒಂದೊಂದು ಮುಖಕ್ಕೆ ಅಂಟಿಸಿಕೊಂಡಿದ್ದಳು. ಸದಾ ಬಾಯಿ ತೆರೆಸುವ ಡಾಕ್ಟರು ಬಾಗಿಲು. ಬಂದು ನಿಂತರೆ ಗುಡುಗುವ ಬ್ಯಾಂಡ್ ಮಾಸ್ಟರು ಯೂವಿಯಾ, ಮಳೆ. ಕರೆದವರು ತರಗತಿಯಲ್ಲಿ ಹಾಜರಿ ಹೇಳುವಂತೆ 'ಅಕೀ', ಇಲ್ಲಿದ್ದೇನೆ, ಎನ್ನಬೇಕೆಂದು ಮೆಲ್ಲಿ ಕಟ್ಟಳೆ ಮಾಡಿದಳು. ಅಡುಗೆಯವರು ಎರಡು ಸಲ 'ಅಕೀ' ಎಂದು ಒಂದೇ ಗಂಟು ತೆಗೆದುಕೊಂಡು ಹೋದರು.

ಕೊನೆಗೆ ಒಂದೇ ಗಂಟು ಉಳಿಯಿತು, ಒಬ್ಬರೇ ಗಿರಾಕಿ. ಹಿಂದೆ ನಿಂತು ಎಲ್ಲ ನೋಡುತ್ತಿದ್ದ ಸ್ಪ್ಯಾನಿಷ್ ಟೀಚರು. ಮೆಲ್ಲಿ ಪದ ಕೂಗದೆ ಸ್ಟೂಲಿನಿಂದ ಇಳಿದಳು. ಗಂಟನ್ನು ಸುಮ್ಮನೆ ಚಾಚಿದಳು.

"ಮುಕ್ಕಾಲು ಗಂಟೆ ಮಾತಾಡಿದ್ದೀಯ" ಎಂದರು ಟೀಚರು. "ನಾನು ಕೇಳಿದ್ದು ಐದು ನಿಮಿಷ."

"ಇದನ್ನೇ ಪರೀಕ್ಷೆ ಅಂತ ಹಾಕ್ಕೊಳ್ಳಿ ಮೇಡಂ" ಎಂದು ಚೀಟಿ ಮಾಮ ಕೈ ಮುಗಿದರು.

"ಆಗಲ್ಲ ಸ್ವಾಮಿ. ಸೋಮವಾರ ಬರಲಿ."

ಸೋಮವಾರ ಮೆಲ್ಲಿ ಪರೀಕ್ಷೆಯ ಕೋಣೆಯಲ್ಲಿ ನಿಂತಳು. ಒಂದು ನಿಮಿಷ ಕಳೆಯಿತು, ಒಂದೂ ಪದ ಹೊರಡಲಿಲ್ಲ. ಟೀಚರು ಕೆಳಗೆ ಬಿದ್ದ ಪೆನ್ನು ಎತ್ತಿಕೊಳ್ಳಲು ಬಗ್ಗಿದರು. ಶನಿವಾರ ಒಯ್ದ ಬಿಳಿ ಜಾಕೀಟೇ ತೊಟ್ಟಿದ್ದರು. ಕಾಲರಿನ ಹಿಂದೆ, ತೆಗೆಯಲು ಮರೆತ ಚೀಟಿಯೊಂದು ನೇತಾಡುತ್ತಿತ್ತು: 'ಲೂನಾ', ಚಂದ್ರ. ಅಪ್ಪನ ದಪ್ಪ ಅಕ್ಷರ, ಹೋಗದ ಮಸಿ.

ಮೆಲ್ಲಿಗೆ ನಗು ಬಂತು. ನಗುವಿನ ಹಿಂದೆಯೇ ಮಾತೂ ಬಂತು. ನನ್ನ ಮನೆಯಲ್ಲಿ ಬಾಗಿಲಿಗೂ ಹೆಸರಿದೆ, ಕಿಟಕಿಗೂ ಹೆಸರಿದೆ, ಬೆಕ್ಕು ತನ್ನ ಹೆಸರನ್ನು ತಿಂದುಬಿಟ್ಟಿದೆ ಎಂದು ಶುರುಮಾಡಿದವಳು ಗಂಟೆ ಹೊಡೆದರೂ ನಿಲ್ಲಿಸಲಿಲ್ಲ. ಐವತ್ತಕ್ಕೆ ಮೂವತ್ತನಾಲ್ಕು ಬಂತು. ವಾಕ್ಯಕ್ಕೊಂದು ತಪ್ಪಿತ್ತಂತೆ. ಚೀಟಿ ಮಾಮ ಆ ಮೂವತ್ತನಾಲ್ಕನ್ನು ಇಡೀ ಬೀದಿಗೆ ಐವತ್ತರ ಠೀವಿಯಲ್ಲಿ ಹೇಳಿಕೊಂಡು ಬಂದರು. ಗಿರಾಕಿಗಳಿಗೆ ಹಳೆಯ ನಂಬರುಗಳು ವಾಪಸ್ಸು ಬಂದವು. ಕ್ಷೌರದಂಗಡಿಯವನು ಮಾತ್ರ ಹದಿನೇಳು ಬೇಡ, ಕಿಟಕಿಯೇ ಇರಲಿ ಎಂದ.

ಎರಡು ವರ್ಷದ ಮೇಲೆ ಅಂಗಡಿ ಬೆಳೆದು ದೊಡ್ಡ ರಸ್ತೆಗೆ ಹೋಯಿತು. ಅಂಗಡಿಯ ಹಿಂದೆ ಮನೆಯೂ ಹೋಗಬೇಕಲ್ಲ. ಸಾಮಾನೆಲ್ಲ ಗಾಡಿ ಹತ್ತಿತು, ತಾಯಿ ಮಗಳೂ ಹತ್ತಿ ಕೂತರು. ಚೀಟಿ ಮಾಮ ಒಬ್ಬರೇ ಬರಿಯ ಕೋಣೆಗಳಲ್ಲಿ ತಿರುಗಿ, ಗೋಡೆಯಲ್ಲಿ ಕಿಟಕಿಯಲ್ಲಿ ಉಳಿದ ಚೀಟಿಗಳನ್ನು ಒಂದೊಂದಾಗಿ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಬಾಗಿಲ ಚೀಟಿಯನ್ನು ಬಿಚ್ಚಲು ಹೋಗಿ ಬಿಟ್ಟರು. ಬರುವವರಿಗೆ ಬಾಗಿಲು ಯಾವುದೆಂದು ಗೊತ್ತಿರಲಿ ಎಂದುಕೊಂಡು, ಬಾಗಿಲನ್ನು ಎಳೆದುಕೊಂಡು ಹೊರಗೆ ಬಂದರು.

ಬೀಳ್ಕೊಡಲು ನಿಂತಿದ್ದ ಬೀದಿ ಕಿಸಕ್ಕನೆ ನಕ್ಕಿತು. ಇವರು ಹಿಂದೆ ನೋಡಿದರು, ಮುಂದೆ ನೋಡಿದರು.

"ಏನಯ್ಯಾ ಕಿಟಕಿ, ಯಾಕೆ ನಗ್ತೀಯ?"

"ಏನಿಲ್ಲ ಮಾಮ. ನಿಮ್ಮ ಕಾಲರಲ್ಲಿ ಏನೋ ಇದೆ. ಮೆಲ್ಲಿ ಅಕ್ಷರ. 'ಮಿ ಪಾಪಾ' ಅಂತಿದೆ. ಹಂಗಂದ್ರೇನು?"

ಇಷ್ಟು ಸ್ಪ್ಯಾನಿಷ್ ಚೀಟಿ ಮಾಮನಿಗೆ ಬರುತ್ತಿತ್ತು.

"ನನ್ನ ಅಪ್ಪ ಅಂತ" ಎಂದರು, ಮೆಲ್ಲಿಗಿಂತಲೂ ಮೆಲ್ಲಗೆ.

"ಹಾಗಾದ್ರೆ ಬಿಚ್ಚಬೇಡಿ ಮಾಮ. ದೊಡ್ಡ ರಸ್ತೆ, ಜನ ಜಾಸ್ತಿ. ಚೀಟಿ ಹಾಕಿದ್ದು ಕಳೆದುಹೋಗಲ್ಲ ಅಂತ ನೀವೇ ಅಂತಿದ್ರಲ್ಲ."

ಚೀಟಿ ಮಾಮ ಪಿನ್ನು ಭದ್ರವಾಗಿದೆಯೇ ಎಂದು ಒಮ್ಮೆ ಮುಟ್ಟಿ ನೋಡಿಕೊಂಡು, ಗಾಡಿಯ ಕಡೆಗೆ ನಡೆದರು.