ಮುನೀಂದ್ರನ ಮಾದರಿ ಗೋಡೆ

ಮುನೀಂದ್ರ ಆವತ್ತು ಟೀ ಕುಡಿಯೋಕೆ ಹೋಗಬಾರದಿತ್ತು. ಹೋದರೂ ಅಲ್ಲಿ ಕೂತು ಕನಸು ಕಾಣಬಾರದಿತ್ತು. ಆದರೆ ಅವನಿಗೆ ಕನಸು ಕಾಣಬೇಡ ಅನ್ನೋದೂ ಒಂದೇ, ಉಸಿರಾಡಬೇಡ ಅನ್ನೋದೂ ಒಂದೇ.

ತೊಂಬತ್ತಾರರ ಡಿಸೆಂಬರ್. ಹಲಸೂರು ಕೆರೆ ಕಡೆಯಿಂದ ಮಂಜು ಮೆಲ್ಲಗೆ ಜೋಗುಪಾಳ್ಯದ ಗಲ್ಲಿಗಳಿಗೆ ಇಳಿದಿತ್ತು. ಜನ ಇಟ್ಟಿಗೆ ಬಿಟ್ಟು ಒಳಗೆ ಟೊಳ್ಳಿರೋ ಕಾಂಕ್ರೀಟ್ ಬ್ಲಾಕಿಗೆ ಬರಲಿ ಅಂತ ಬ್ಲಾಕ್ ಕಾರ್ಖಾನೆಗಳೆಲ್ಲ ಚಂದಾ ಹಾಕಿ ಒಂದು ಸಂಘ ಮಾಡಿಕೊಂಡಿದ್ದವು. ಆ ಸಂಘದ ತಾಂತ್ರಿಕ ಸಲಹೆಗಾರ ನಮ್ಮ ಮುನೀಂದ್ರ. ಹುದ್ದೆಯ ಹೆಸರು ದೊಡ್ಡದು, ಕೆಲಸ ಟೆಂಪರರಿ. ಇವತ್ತು ಬೀದಿ ಮೂಲೆಯಲ್ಲಿ ಮಾದರಿ ಗೋಡೆಯೊಂದನ್ನು ಕಟ್ಟಿಸಬೇಕು. ಸಂಜೆ ಸೆಕ್ರೆಟರಿ ಪ್ರೇಮ್‌ಕುಮಾರ್ ದೊಡ್ಡನೆಕ್ಕುಂದಿಯಿಂದ ನೋಡೋಕೆ ಬರ್ತಾರೆ. ಅವರು ಮೆಚ್ಚಿದರೆ ಕೆಲಸ ಪರ್ಮನೆಂಟ್.

ಬ್ಲಾಕುಗಳನ್ನು ಲಾರಿಯಿಂದ ಇಳಿಸಿಕೊಂಡು, ಮೇಸ್ತ್ರಿ ಬರೋ ತನಕ ಅಂತ ಬಷೀರನ ಟೀ ಅಂಗಡಿಯಲ್ಲಿ ಕೂತ. ಗ್ಲಾಸಿನ ಹಬೆಯಲ್ಲಿ ಊರೇ ಕರಗಿಹೋಯಿತು. ಶಿವಾಜಿನಗರದಿಂದ ಕೆ.ಆರ್. ಪುರದ ತನಕ ಬೂದುಬಣ್ಣದ ಗೋಡೆಗಳು ಸದ್ದಿಲ್ಲದೆ ತಾವಾಗಿಯೇ ಮೇಲೇಳುತ್ತಿದ್ದವು. ಒಂದೊಂದು ಬ್ಲಾಕಿನ ಟೊಳ್ಳಿನಿಂದಲೂ ತಂಗಾಳಿ ಬೀಸುತ್ತಿತ್ತು. ಆಹಾ, ಏನು ಸುಖ!

ಎಚ್ಚರಾದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬೀದಿ ಮೂಲೆ ಖಾಲಿ.

"ಬಷೀರ್! ನನ್ನ ಬ್ಲಾಕ್ ಎಲ್ಲೋ?"

"ಅರೇ, ಎಲ್ರೂ ತಗೊಂಡೋದ್ರು ಸಾರ್. ಮೇಸ್ತ್ರಿನೂ ಬಂದು, ಏನೂ ಇಲ್ಲ ಅಂತ ವಾಪಸ್ ಹೋದ. ಹೋದ್ವಾರ ನೀವೇ ಮೈಕಲ್ಲಿ ಕೂಗಿದ್ರಲ್ಲ, ಸಂಘದಿಂದ ಎಲ್ಲಾ ಫ್ರೀ ಅಂತ!"

"ಸಲಹೆ ಫ್ರೀ ಅಂದಿದ್ದು ಗುರೂ!"

"ನೀವು ಕೂತಿರೋ ಬೆಂಚಿನ ಕೆಳಗೂ ಇಟ್ಟಿದೀನಿ. ಅದಕ್ಕೇ ಅಷ್ಟು ಚೆನ್ನಾಗಿ ನಿದ್ದೆ ಬಂತು ನಿಮಗೆ."

ಮುನೀಂದ್ರ ಎದ್ದು ಓಡಿದ. ಮೊದಲನೇ ಮನೆ ಬೈರಮ್ಮನದು. ಅವಳ ಅಂಗಳದಲ್ಲಿ ಸಂಘದ ಬ್ಲಾಕುಗಳ ಮೇಲೆ ಸ್ನಾನದ ಹಂಡೆ ಕೂತು, ಕೆಳಗೆ ಧಗಧಗ ಉರಿಯುತ್ತಿತ್ತು.

"ಅಮ್ಮಾ, ಅದು ನಂದು, ಕೊಟ್ಬಿಡಿ. ನನ್ನ ಕೆಲಸ ಹೋಗ್ತದೆ!"

"ಎತ್ಕೊಂಡೋಗು, ಕೈ ಸುಟ್ರೆ ನನ್ನ ಕೇಳ್ಬೇಡ. ಅದಿರ್ಲಿ, ಹಂಡೆ ಒಂದ್ಕಡೆ ವಾಲ್ತೈತೆ. ಇಂಜಿನಿಯರ್ ಅಂತೀಯ, ನೋಡಬಾರ್ದಾ?"

ಅಷ್ಟು ಸಾಕಾಯ್ತು. ಪುಣ್ಯಾತ್ಮ ಬಂದ ಕೆಲಸ ಮರೆತು, ಜೇಬಿನಿಂದ ರಸಮಟ್ಟ ತೆಗೆದು, ಬ್ಲಾಕಿನ ಕೆಳಗೆ ಕೋಲಿನಿಂದ ಚೂರುಕಲ್ಲು ತಳ್ಳಿ, ಹಂಡೆ ನೆಟ್ಟಗೆ ಮಾಡಿಯೇ ಬಿಟ್ಟ.

ಪಕ್ಕದ ನೂರ್ಜಹಾನ್ ಬ್ಲಾಕುಗಳಿಂದ ಕೋಳಿಗೂಡು ಕಟ್ಟಿದ್ದಳು.

"ಕೋಳಿ ಕಾವಿಗೆ ಕೂತದೆ ಸಾಬ್. ಈಗ ಎಬ್ಬಿಸಿದ್ರೆ ಪಾಪ ಬರಲ್ವಾ? ಮೇಲಿನ ಸಾಲು ಅಲ್ಲಾಡ್ತದೆ, ಏನ್ ಮಾಡೋದು ಹೇಳಿ."

ಕೆಳಗಿನ ಸಂದಿನ ಮೇಲೆ ಇನ್ನೊಂದು ಸಂದು ಬರಬಾರದು ಅಂತ ಅವಳಿಗೂ ಪಾಠ ಆಯಿತು. ಹೀಗೇ ಬೀದಿ ಮುಗಿಯಿತು. ಸಲಹೆ ಎಲ್ಲರಿಗೂ ಸಿಕ್ಕಿತು, ಬ್ಲಾಕ್ ಒಂದೂ ವಾಪಸ್ ಬರಲಿಲ್ಲ. ಯಾರೋ ಟೊಳ್ಳಿಗೆ ಮಣ್ಣು ತುಂಬಿ ಕನಕಾಂಬರ ನೆಟ್ಟಿದ್ದರು. ಇಳಿಬಿಸಿಲಿನಲ್ಲಿ ಅದು ಎಷ್ಟು ಚೆಂದ ಕಾಣುತ್ತಿತ್ತು ಅಂದರೆ, ಮುನೀಂದ್ರ ತನ್ನ ಗೋಳು ಮರೆತು ನೋಡುತ್ತಾ ನಿಂತ.

ಹಿಂದೆ ಕಾರಿನ ಬಾಗಿಲು ಬಡಿದ ಸದ್ದು.

"ಗೋಡೆ ಎಲ್ರೀ ಮುನೀಂದ್ರ?" ಪ್ರೇಮ್‌ಕುಮಾರ್ ಕೇಳಿದರು.

ಅವನು ಖಾಲಿ ಮೂಲೆಯ ಕಡೆ ತಿರುಗಿದ. ಬೈರಮ್ಮನಿಗೆ ಕರುಳು ಚುರುಕ್ ಅಂತು. ಪಾಪದ ಹುಡುಗ, ಹಂಡೆ ಸರಿ ಮಾಡಿಕೊಟ್ಟವನು! ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು.

"ಒಂದು ಗೋಡೆ ಯಾಕೆ ಸ್ವಾಮಿ? ಬೀದಿ ತುಂಬಾ ನೋಡ್ಬನ್ನಿ!"

ಒಲೆ ತೋರಿಸಿದಳು, ಬೆಂಚು ತೋರಿಸಿದಳು. ನೂರ್ಜಹಾನ್ ಗೂಡಿನ ಮುಂದೆ ನಿಂತು ಸಂದಿನ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದಳು. ಸೆಕ್ರೆಟರಿ ಕಣ್ಣು ಒದ್ದೆಯಾಯಿತು.

"ಇದೆಲ್ಲಾ ನಿಮ್ಮಿಂದಲೇ ಆಗಿದ್ದೇನ್ರೀ?"

"ಹೌದು ಸಾರ್," ಅಂದ ಮುನೀಂದ್ರ. ಧೈರ್ಯ ಬಂದಿತ್ತು.

ಬಷೀರ್ ಸುಮ್ಮನಿರಬೇಕಲ್ಲ! "ಬ್ಲಾಕ್ ವಿಷಯ ಈಗ ಎಲ್ರಿಗೂ ಬರ್ತದೆ ಸಾರ್. ಯಾರೂ ಬಂದು ಹೇಳ್ಕೊಡೋದೇ ಬೇಡ!"

ಪ್ರೇಮ್‌ಕುಮಾರ್ ಮುನೀಂದ್ರನ ಕೈ ಹಿಡಿದು ಜೋರಾಗಿ ಕುಲುಕಿದರು. "ಸಕ್ಸಸ್ ಕಣ್ರೀ! ಭಾರೀ ಸಕ್ಸಸ್!" ಆಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಜನ ತಾವೇ ಕಲಿತಾಯ್ತಲ್ಲ. ಇನ್ನು ಇಲ್ಲಿ ಪ್ರಚಾರಕ್ಕೆ ದುಡ್ಡು ಹಾಕೋದು ದಂಡ. ನಾಳೆಯಿಂದ ನೀವು ಬರೋದು ಬೇಡ."

ಕಾರು ಹೊರಟಿತು. ಬೀದಿಗೆ ಕೇಳಿಸಿದ್ದು ಸಕ್ಸಸ್ ಅಂದಿದ್ದು ಮಾತ್ರ. ಚಪ್ಪಾಳೆಯೋ ಚಪ್ಪಾಳೆ.

ಬೈರಮ್ಮ ಅವನ ಬೆನ್ನು ತಟ್ಟಿದಳು. "ನೋಡ್ದಾ? ನಾವಿಲ್ದಿದ್ರೆ ಇವತ್ತು ನಿನ್ನ ಗತಿ ಏನಾಗ್ತಿತ್ತು!"