ಬಿಸ್ಕಿಟ್‌ನ ಹಸಿ ಊಟ

ನಾಯಿ ದಪ್ಪಗಾದರೆ ಬೈಸಿಕೊಳ್ಳಬೇಕಾದವನು ಗಂಡ. ಇದು ಯಾವ ಕೋರ್ಟಿನ ನ್ಯಾಯವೋ ಕಾಣೆ, ನಮ್ಮ ಮನೆಯಲ್ಲಂತೂ ಇದೇ ಕಾನೂನು.

ನಾಯಿಯ ಹೆಸರು ಬಿಸ್ಕಿಟ್. ಹೆಸರಿಟ್ಟವಳು ನನ್ನ ಹೆಂಡತಿ ಡಲ್ಸಿ. (ಮದುವೆಯಾದ ಹೊಸದರಲ್ಲಿ ನನಗೂ ಇಂಥದೇ ತಿಂಡಿಯ ಹೆಸರೊಂದನ್ನು ಇಟ್ಟಿದ್ದಳು. ಈಗ ಬರೀ ಕ್ಲೆಮ್ ಅನ್ನುತ್ತಾಳೆ, ಅದೂ ಕೊನೆಯಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಸೇರಿಸಿ.) ಜಾತಿಯಲ್ಲಿ ಕಾರ್ಗಿ. ಅಂದರೆ ದೇವರು ಉದ್ದನೆಯ ಬೆನ್ನು, ನರಿಯ ಮುಖ, ಮಹಾರಾಜರ ಗತ್ತು ಎಲ್ಲವನ್ನೂ ಧಾರಾಳವಾಗಿ ಕೊಟ್ಟು, ಕಾಲು ಮಾಡುವ ಹೊತ್ತಿಗೆ ಸಾಮಾನು ಮುಗಿದು ಕೈತೊಳೆದುಕೊಂಡ ಪ್ರಾಣಿ. ಇಂಥದಕ್ಕೆ ಹೊಟ್ಟೆ ಬಂದರೆ ಅದು ಹೋಗುವುದಾದರೂ ಎಲ್ಲಿಗೆ? ನೆಲಕ್ಕೇ. ಬಿಸ್ಕಿಟ್ ಒಮ್ಮೆ ಹಜಾರದಲ್ಲಿ ನಡೆದುಹೋದರೆ ಕಸ ಗುಡಿಸುವ ಕೆಲಸ ಮುಗಿದಂತೆ.

ನಮ್ಮ ಊರು ಆಸ್ಟ್ರೇಲಿಯಾದ ಆರೆಂಜ್. (ಹೆಸರು ಕಿತ್ತಳೆ, ಬೆಳೆಯುವುದು ಸೇಬು. ಇಂಥ ಊರಲ್ಲಿ ಹುಟ್ಟಿದವನಿಂದ ನೀವು ಹೆಚ್ಚಿನ ತರ್ಕ ನಿರೀಕ್ಷಿಸಬಾರದು.) ಆ ಚಳಿಗಾಲದಲ್ಲಿ ಬಿಸ್ಕಿಟ್ ಸೋಫಾ ಹತ್ತಲಾರದೆ ಕುಂಯ್‌ಗುಟ್ಟತೊಡಗಿದ. ಪಶುವೈದ್ಯೆ ಡಾಕ್ಟರ್ ಹೆನ್ಶಾ ಅವನ ಬೆನ್ನನ್ನು ಮೆಲ್ಲಗೆ ಒತ್ತಿ ನೋಡಿ ಮುಖ ಗಂಭೀರ ಮಾಡಿಕೊಂಡರು.

"ಇಷ್ಟುದ್ದದ ಬೆನ್ನು ಇಷ್ಟು ಭಾರ ಹೊರೋದಿಲ್ಲ. ವಸಂತದ ಹೊತ್ತಿಗೆ ತೂಕ ಇಳೀಲಿಲ್ಲ ಅಂದ್ರೆ ಹಿಂಗಾಲು ಸ್ವಾಧೀನ ತಪ್ಪಬಹುದು. ಇವನಿಗೆ ಮೇಜಿನ ಕೆಳಗಡೆಯಿಂದ ಯಾರಾದ್ರೂ ಏನಾದ್ರೂ ಕೊಡ್ತಾರಾ?"

ಡಲ್ಸಿ ನನ್ನನ್ನು ನೋಡಿದಳು. ಬಿಸ್ಕಿಟ್ ಕೂಡ ನನ್ನನ್ನೇ ನೋಡಿದ. ಬೆಣ್ಣೆ ಹಚ್ಚಿದ ಟೋಸ್ಟಿನ ವಿಷಯದಲ್ಲಿ ಅವನು ಇಷ್ಟು ಸಲೀಸಾಗಿ ಸರ್ಕಾರಿ ಸಾಕ್ಷಿಯಾಗುತ್ತಾನೆಂದು ನಾನು ಎಣಿಸಿರಲಿಲ್ಲ.

ಡಾಕ್ಟರು ಆಮೇಲೆ ಏನೇನೋ ಆಹಾರಕ್ರಮ ವಿವರಿಸಿದರು. ಡಲ್ಸಿ ಕಿವಿಗೊಟ್ಟು ಕೇಳುತ್ತಿದ್ದಳು. ನಾನು ಮಾತ್ರ ಮರುದಿನವೇ ಜ್ಞಾನವನ್ನು ಬೇರೆ ಕಡೆ ಸಂಪಾದಿಸಿದೆ.

ನಾಯಿಗಳ ಪಾರ್ಕಿನಲ್ಲಿ ಫರ್ಡಿ ಅಂತ ಒಬ್ಬನಿದ್ದಾನೆ. ಅವನ ಬೇಟೆನಾಯಿಯ ಮೈ ಪಾಲಿಶ್ ಮಾಡಿದ ಬೂಟಿನಂತೆ ಹೊಳೆಯುತ್ತದೆ. ಬಿಸ್ಕಿಟ್‌ನನ್ನು ಕಂಡದ್ದೇ ಅವನು ತಲೆ ಕೊಡವಿದ.

"ಏನ್ ಹಾಕ್ತೀಯಾ ಇವನಿಗೆ?"

"ಅದೇ ಮಾರಾಯ, ಅಂಗಡೀಲಿ ಸಿಗೋ ನಾಯಿ ಆಹಾರದ ಒಣ ಕಾಳು. ಜೊತೆಗೆ ಏನೋ ಅಷ್ಟಿಷ್ಟು."

"ಕಾಳಾ! ತೋಳನ ವಂಶದೋರಿಗೆ ಕಾಳು ಹಾಕ್ತೀಯಾ? ಕಾಡಲ್ಲಿ ತೋಳ ಒಲೆ ಹಚ್ಚುತ್ತಾ? ಹಸೀ ಮಾಂಸ, ಹಸೀ ಮೂಳೆ ಕೊಡು. ಆಮೇಲೆ ನೋಡು, ಜಿಂಕೆ ಥರ ನೆಗೀತಾನೆ."

ನಾನು ಮೂವತ್ತು ವರ್ಷ ಡ್ರೈವಿಂಗ್ ಪರೀಕ್ಷಕನಾಗಿ ದುಡಿದವನು. ಪಕ್ಕದ ಸೀಟಿನಲ್ಲಿ ಕುಳಿತು ಜನರನ್ನು ಫೇಲ್ ಮಾಡುವುದೇ ನನ್ನ ವೃತ್ತಿಯಾಗಿತ್ತು. ನಿವೃತ್ತನಾದ ಮೇಲೆ ಫೇಲ್ ಮಾಡಲು ಯಾರೂ ಸಿಗದೆ, ಏನಾದರೊಂದು ಮಹತ್ಕಾರ್ಯಕ್ಕಾಗಿ ಹಾತೊರೆಯುತ್ತಿದ್ದೆ. ಅದು ಈಗ ಬಾಲವಿಲ್ಲದ ಹಿಂಭಾಗ ಅಲ್ಲಾಡಿಸುತ್ತ ಎದುರಿಗೇ ನಿಂತಿತ್ತು.

ಮಾಂಸದಂಗಡಿಯಿಂದ ಮನೆಗೆ ಬಂದಾಗ ಡಲ್ಸಿ ಅಡಿಗೆಮನೆಯಲ್ಲಿ ಕೇಕಿಗೆ ತೆಂಗಿನತುರಿ ಉದುರಿಸುತ್ತಿದ್ದಳು. ನಾನು ಚೀಲಗಳನ್ನು ಒಂದೊಂದಾಗಿ ಮೇಜಿನ ಮೇಲೆ ಬಿಚ್ಚಿದೆ. ಕೋಳಿಕತ್ತು, ಕಾಂಗರೂ ಖೀಮಾ, ದನದ ಗುಂಡಿಗೆ. ಕೊನೆಯಲ್ಲಿ, ಕಲಶವಿಟ್ಟಂತೆ, ತೊಳೆಯದ ಬೋಟಿ.

ಆ ಬೋಟಿಯ ವಾಸನೆಯನ್ನು ವರ್ಣಿಸುವ ಶಕ್ತಿ ನನ್ನ ಲೇಖನಿಗಿಲ್ಲ. ಕಿಟಕಿಯ ಮೇಲಿದ್ದ ನೊಣ ಹೊರಗೆ ಹೋಯಿತು ಎಂದಷ್ಟೇ ಹೇಳಬಲ್ಲೆ.

"ಕ್ಲೆಮ್? ಯಾರು ಸತ್ತಿದ್ದು?"

"ಇದು ಬಿಸ್ಕಿಟ್‌ನ ಊಟ. ಇವತ್ತಿಂದ ಬಿಸ್ಕಿಟ್‌ಗೆ ಬಿಸ್ಕಿಟ್ ಬಂದ್. ಅವನ ಪೂರ್ವಜರು ತಿಂತಿದ್ದದ್ದನ್ನೇ ಅವನು ತಿಂತಾನೆ."

"ಅವನ ಅಮ್ಮ ಬಾಥರ್ಸ್ಟ್‌ನಲ್ಲಿ ಹೀಟರ್ ಮುಂದೆ ಮಲ್ಕೊಂಡು ಬೇಯಿಸಿದ ಮೀನು ತಿಂತಿದ್ಲು. ನಾನೇ ನೋಡಿದೀನಿ."

"ಅದಕ್ಕಿಂತ ಹಿಂದಿನ ಪೂರ್ವಜರು, ಡಲ್ಸಿ! ತೋಳಗಳು!"

"ತೋಳಕ್ಕೆ ಫ್ರೀಜರ್ ಇತ್ತಾ?" ಎಂದು ಅವಳು ಕೇಕಿನ ತಟ್ಟೆಯನ್ನು ಎದೆಗವಚಿಕೊಂಡಳು. "ಈ ಬೋಟಿ ನನ್ನ ಕೇಕ್ ಪಕ್ಕ ಏನಾದ್ರೂ ಮಲಗ್ತು ಅಂದ್ರೆ, ನೀನು ಬಿಸ್ಕಿಟ್ ಪಕ್ಕ ಮಲಗ್ತೀಯಾ. ಹೇಳಿದೀನಿ."

ಗ್ಯಾರೇಜಿನಲ್ಲಿದ್ದ ಹಳೆಯ ಫ್ರೀಜರನ್ನು ನಾನು ಈ ಮಹಾಯಜ್ಞಕ್ಕೆ ಮೀಸಲಿಟ್ಟೆ.

ಮೊದಲ ಊಟ ಹಿಂಬದಿಯ ಜಗಲಿಯಲ್ಲಿ. ಬಟ್ಟಲಿನಲ್ಲಿ ಖೀಮಾ ಹರಡಿ, ಮೇಲೊಂದು ಕೋಳಿಕತ್ತನ್ನು ಅಲಂಕಾರವಾಗಿಟ್ಟು ಕರೆದೆ. ಬಿಸ್ಕಿಟ್ ಓಡಿಬಂದ. ಮೂಸಿದ. ಬಟ್ಟಲನ್ನು ಒಂದು ಸುತ್ತು ಹಾಕಿ ಮತ್ತೆ ಮೂಸಿದ. ಬಳಿಕ ಆ ಕೋಳಿಕತ್ತನ್ನು ತುಟಿಯ ತುದಿಯಲ್ಲಿ ಹಿಡಿದು ತಂದು ನನ್ನ ಚಪ್ಪಲಿಯ ಮೇಲಿಟ್ಟ. 'ನಿಮ್ಮದೇನೋ ಬಿದ್ದಿತ್ತು, ತಗೊಳ್ಳಿ' ಅನ್ನುವ ಹಾಗೆ.

ನಾನು ಫರ್ಡಿಗೆ ಫೋನ್ ಮಾಡಿದೆ.

"ಸೋಲಬೇಡ ಗುರುವೇ," ಎಂದ ಫರ್ಡಿ. "ಹಸಿವಾಗ್ಲಿ. ಹಸಿವಾದ್ರೆ ಹಸೀದು ತಾನಾಗೇ ತಿಂತಾನೆ. ಮನೇಲಿ ಬೇರೆ ಯಾರೂ ಏನೂ ಹಾಕಬಾರ್ದು ಅಷ್ಟೆ."

ನಾನು ಡಲ್ಸಿಯನ್ನು ಕರೆದು ಆಜ್ಞೆ ಹೊರಡಿಸಿದೆ. "ಅವನಿಗೆ ಒಂದು ಚೂರೂ ಕೊಡಬಾರ್ದು. ತಿಳೀತಾ?"

"ಸರಿ," ಎಂದಳು ಡಲ್ಸಿ. ಅವಳು ಹಾಗೆ ತಕ್ಷಣ ಸರಿ ಅಂದಾಗ ಜಾಣನಾದ ಗಂಡ ಹೆದರಬೇಕು. ನಾನು ಖುಷಿಪಟ್ಟೆ.

ಮರುದಿನ ಬೆಳಿಗ್ಗೆ ಬಟ್ಟಲನ್ನು ಜಗಲಿಯಲ್ಲಿಟ್ಟು ಪೇಪರ್ ತರಲು ಹೋದೆ. ಬಂದು ನೋಡಿದರೆ ಬಟ್ಟಲು ಖಾಲಿ! ಒಂದು ಚೂರೂ ಉಳಿದಿರಲಿಲ್ಲ. ಪಕ್ಕದಲ್ಲಿ ಬಿಸ್ಕಿಟ್ ಬಿಸಿಲು ಕಾಯುತ್ತ, ತೃಪ್ತನಾಗಿ ಮಲಗಿದ್ದ. ನನಗೆ ಕಣ್ಣಲ್ಲಿ ನೀರು ಬಂತು. ಅವತ್ತಿನ ಸಂತೋಷಕ್ಕೆ ಬೇಕರಿಗೆ ಹೋಗಿ ಒಂದು ಬಿಸಿ ಮಾಂಸದ ಪೈ ತಿಂದು ಬಂದೆ.

ಅಲ್ಲಿಂದ ಮುಂದೆ ದಿನವೂ ಇದೇ ಕ್ರಮ. ನಾನು ಇಡುವುದು, ಪೇಪರಿಗೆ ಹೋಗುವುದು, ಬಟ್ಟಲು ಖಾಲಿಯಾಗುವುದು, ನಾನು ಪೈ ತಿನ್ನುವುದು. ವಾರಗಳು ಕಳೆದ ಹಾಗೆ ಬಿಸ್ಕಿಟ್‌ನ ಹೊಟ್ಟೆ ನೆಲದಿಂದ ಮೇಲೇಳತೊಡಗಿತು. ಹೊಟ್ಟೆಗೂ ನೆಲಕ್ಕೂ ನಡುವೆ ಬೆಳಕು ಕಂಡಿತು. ಒಂದು ದಿನ ಅವನು ಯಾರ ಸಹಾಯವೂ ಇಲ್ಲದೆ ಸೋಫಾ ಹತ್ತಿ ನನ್ನ ಜಾಗದಲ್ಲಿ ಕುಳಿತ. ನಾನು ಗೌರವದಿಂದ ಕುರ್ಚಿಗೆ ಸರಿದೆ.

ಯಶಸ್ಸು ಬಂದ ಮೇಲೆ ಬಾಯಿ ಸುಮ್ಮನಿರುತ್ತದೆಯೇ? ಪಾರ್ಕಿನಲ್ಲಿ ನಾನು ಪ್ರವಚನಕಾರನಾದೆ. ಸಿಕ್ಕ ಸಿಕ್ಕ ನಾಯಿಗಳ ಒಡೆಯರನ್ನು ನಿಲ್ಲಿಸಿ ಹಸಿಯ ಮಹಿಮೆ ಹೇಳಿದೆ. ಕೊನೆಗೆ ಊರಿನ ಶ್ವಾನಪ್ರಿಯರ ಸಂಘದ ಅಧ್ಯಕ್ಷೆ ಮಿಸ್ ಆಲ್ವೆನ್ ಟ್ರೆಗಿಯರ್ ಅವರ ಕಿವಿಗೂ ಸುದ್ದಿ ಬಿತ್ತು. ಆಕೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ನಾಯಿಗಳು ಹಾಗಿರಲಿ, ಮನುಷ್ಯರೂ ಆಕೆಯನ್ನು ಕಂಡರೆ ತಾವಾಗಿ ಕುಳಿತುಕೊಳ್ಳುತ್ತಾರೆ.

"ನಾನು ಕಣ್ಣಾರೆ ನೋಡ್ಬೇಕು," ಎಂದರು ಅವರು. "ಭಾನುವಾರ ಬೆಳಿಗ್ಗೆ ಬರ್ತೀನಿ. ನಿಜವಾದ್ರೆ ನಮ್ಮ ಸಂಘದಲ್ಲಿ ನೀವು ಭಾಷಣ ಮಾಡಿ."

ಭಾಷಣ! ಮೂವತ್ತು ವರ್ಷ 'ಎಡಕ್ಕೆ ತಿರುಗಿ, ಕಾರು ನಿಲ್ಲಿಸಿ' ಬಿಟ್ಟರೆ ಬೇರೆ ವಾಕ್ಯ ನುಡಿಯದ ಬಾಯಿಗೆ ವೇದಿಕೆ!

ಡಲ್ಸಿಗೆ ಹೇಳಿದಾಗ ಅವಳ ಮುಖ ಸ್ವಲ್ಪ ಬಿಳಿಚಿಕೊಂಡಿತು. "ಭಾನುವಾರಾನೇ ಬರ್ಬೇಕಾ? ಬಿಸ್ಕಿಟ್‌ಗೆ ಜನ ಅಂದ್ರೆ ನಾಚಿಕೆ ಕಣೋ," ಎಂದಳು. ನಾಚಿಕೆಯಂತೆ! ಪಾದ್ರಿಗಳ ಮಡಿಲಲ್ಲಿದ್ದ ಸ್ಯಾಂಡ್‌ವಿಚ್ ಎಗರಿಸಿದ ನಾಯಿ ಅದು.

ಭಾನುವಾರ ಮಿಸ್ ಟ್ರೆಗಿಯರ್ ಬಂದರು, ಜೊತೆಗೆ ಫರ್ಡಿ. ಅವರನ್ನು ಜಗಲಿಯ ಕುರ್ಚಿಗಳಲ್ಲಿ ಕೂರಿಸಿ, ಡಲ್ಸಿ ಚಹಾ ಕೊಟ್ಟು ಮೆಲ್ಲಗೆ ಒಳಗೆ ಸರಿದಳು. ನಾನು ಮೆಟ್ಟಿಲ ಮೇಲೆ ನಿಂತು, ದನದ ಗುಂಡಿಗೆಯ ಉದ್ದನೆಯ ಪಟ್ಟಿಯೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದೆ.

"ಮಹನೀಯರೇ! ಈ ಪುಟ್ಟ ಕಾರ್ಗಿಯ ನರನಾಡಿಗಳಲ್ಲಿ ಹರೀತಿರೋದು ತೋಳನ ರಕ್ತ. ಹಸೀ ಮಾಂಸ ಕಂಡ ಕೂಡಲೇ ಆ ರಕ್ತ ಹೇಗೆ ಕುದಿಯುತ್ತೆ ಅಂತ ಈಗ ತಾವೇ..."

ಕಿವಿಯ ಪಕ್ಕ ರಪ್ಪನೆ ಗಾಳಿ ಬೀಸಿತು. ನನ್ನ ಬೆರಳುಗಳ ನಡುವೆ ಏನೂ ಇರಲಿಲ್ಲ.

ಅಂಗಳದ ಬಟ್ಟೆ ಒಣಹಾಕುವ ಕಂಬದ ಮೇಲೆ ದಪ್ಪ ತಲೆಯ ಕೂಕಬರಾ ಹಕ್ಕಿ ಕುಳಿತಿತ್ತು. ಮಿಂಚುಳ್ಳಿಯ ದೊಡ್ಡಣ್ಣ ಅದು. ಹಾವನ್ನು ಬಡಿದು ಕೊಲ್ಲುವ ಹಾಗೆ ನನ್ನ ಗುಂಡಿಗೆಯನ್ನು (ದನದ್ದು) ತಂತಿಗೆ ರಪರಪ ಬಡಿಯುತ್ತಿತ್ತು. ಅದರ ಪಕ್ಕದಲ್ಲಿ ಹೆಂಡತಿ, ಮಕ್ಕಳು, ಬಹುಶಃ ಭಾವಮೈದುನ ಕೂಡ, ಪಂಕ್ತಿಯಲ್ಲಿ ಕುಳಿತಿದ್ದರು. ಎಲ್ಲರೂ ದುಂಡುದುಂಡಗೆ, ಚೆನ್ನಾಗಿ ಉಂಡು ಬೆಳೆದವರು. ಅವುಗಳಲ್ಲೊಂದು ನೇರವಾಗಿ ಹಾರಿಬಂದು ಬಟ್ಟಲಿನ ಅಂಚಿನಲ್ಲಿ ಕುಳಿತು, ಹೋಟೆಲಿನ ಖಾಯಂ ಗಿರಾಕಿಯ ಹಾಗೆ ಖೀಮಾ ತಿನ್ನತೊಡಗಿತು.

"ಬಿಸ್ಕಿಟ್! ಓಡ್ಸು! ಹಿಡಿ!" ಎಂದು ಕೂಗಿದೆ. ತೋಳನ ವಂಶಜ ಮಿಸ್ ಟ್ರೆಗಿಯರ್ ಅವರ ಲಂಗದ ಹಿಂದೆ ಅಡಗಿದ್ದ.

ಆಮೇಲೆ ಅವನು ಹೊರಬಂದು, ಹೊತ್ತಾಯಿತೆಂಬಂತೆ ಮೈ ಕೊಡವಿ, ನೆಟ್ಟಗೆ ಬಟ್ಟೆ ಒಗೆಯುವ ಕೋಣೆಗೆ ಹೋಗಿ ಅದರ ಬಾಗಿಲನ್ನು ಪರಪರ ಕೆರೆದ. ಬಾಗಿಲು ಒಳಗಿನಿಂದ ಕೊಂಚವೇ ತೆರೆಯಿತು. ಒಂದು ಕೈ ಹೊರಬಂದು ತಟ್ಟೆಯೊಂದನ್ನು ಕೆಳಗಿಟ್ಟಿತು. ಬೇಯಿಸಿದ ಸಿಹಿಕುಂಬಳ, ಬೀನ್ಸ್, ಮೇಲೆ ಎಳೆ ಎಳೆಯಾಗಿ ಬಿಡಿಸಿದ ಕೋಳಿ. ಹಬೆಯಾಡುತ್ತಿತ್ತು.

ಆ ಕೈಯ ಬೆರಳಲ್ಲಿದ್ದದ್ದು ನಾನು ತೊಡಿಸಿದ ಉಂಗುರ.

"ಡಲ್ಸಿ!"

ಬಾಗಿಲು ಪೂರ್ತಿ ತೆರೆಯಿತು. ಡಲ್ಸಿ ಸೌಟು ಹಿಡಿದು ನಿಂತಿದ್ದಳು.

"ಇಷ್ಟು ದಿನ ನೀನು ನಂಗೆ ಸುಳ್ಳು ಹೇಳ್ದೆ! ಹಸೀ ಸುಳ್ಳು!"

"ಹಸೀದೇ ಬೇಕು ಅಂದವನು ನೀನೇ ಅಲ್ವಾ?" ಎಂದಳು ಅವಳು. ಆಮೇಲೆ ಅವಳ ದನಿ ಸ್ವಲ್ಪ ಇಳಿಯಿತು. "ಮೊದಲ್ನೇ ದಿನಾನೇ ಅವನು ಬಂದು ನನ್ನ ಕಾಲ ಹತ್ರ ಮಲ್ಕೊಂಡ, ಕ್ಲೆಮ್. ಹಸಿವಿಗೆ ನಡುಗ್ತಿದ್ದ. ಅಲ್ದೆ, ಬೆನ್ನು ಬಿದ್ದುಹೋದ್ರೆ ಏನ್ ಗತಿ ಅಂತ ನಂಗೆ ನಿದ್ದೇನೇ ಇಲ್ಲ. ಡಾಕ್ಟರು ಅವತ್ತು ಏನ್ ಹೇಳಿದ್ರೋ ಹಾಗೇ ಅಳೆದು ಹಾಕ್ತಿದೀನಿ. ನೀನು ಫರ್ಡಿ ಮಾತು ಕೇಳ್ದೆ, ನಾನು ಡಾಕ್ಟರ್ ಮಾತು ಕೇಳ್ದೆ. ನಿನ್ನ ಸಂತೋಷ ಯಾಕೆ ಹಾಳು ಮಾಡೋದು ಅಂತ ಸುಮ್ನಿದ್ದೆ."

ಅಷ್ಟರಲ್ಲಿ ತಂತಿಯ ಮೇಲಿದ್ದ ಇಡೀ ಕುಟುಂಬ ಕತ್ತು ಮೇಲೆತ್ತಿ ಒಟ್ಟಿಗೆ ನಗತೊಡಗಿತು. ಕೂಕಬರಾದ ಕೂಗೇ ನಗುವಿನ ಹಾಗಿರುತ್ತದೆ, ಮನುಷ್ಯರನ್ನು ನೋಡಿ ನಗುವುದಲ್ಲ ಎಂದು ತಿಳಿದವರು ಹೇಳುತ್ತಾರೆ. ಅವರು ಅವತ್ತು ನಮ್ಮ ಜಗಲಿಯಲ್ಲಿ ಇರಲಿಲ್ಲ.

ಫರ್ಡಿ ಟೋಪಿ ಹುಡುಕುವ ನೆಪದಲ್ಲಿ ಜಾಗ ಖಾಲಿ ಮಾಡಿದ. (ಟೋಪಿ ತಲೆಯ ಮೇಲೇ ಇತ್ತು.) ಮಿಸ್ ಟ್ರೆಗಿಯರ್ ಚಹಾ ಮುಗಿಸಿ ಎದ್ದು ನಿಂತು ನನ್ನ ಕಡೆ ನೋಡಿ, "ಮಿಸ್ಟರ್ ವೆದರಿಲ್, ಪಕ್ಷಿಪ್ರಿಯರ ಸಂಘದ ವಿಳಾಸ ಬೇಕಾದ್ರೆ ಕೊಡ್ತೀನಿ," ಎಂದರು. ಡಲ್ಸಿಯ ಕಡೆ ತಿರುಗಿ, "ಭಾಷಣ ನೀವು ಮಾಡಿ," ಎಂದರು.

ಮುಂದಿನ ವಾರ ಡಾಕ್ಟರ್ ಹೆನ್ಶಾ ಅವರ ಹತ್ತಿರ ತೂಕ ನೋಡಿಸುವುದಿತ್ತು. ಡಲ್ಸಿ ದಾರಿಯುದ್ದಕ್ಕೂ ಬಿಸ್ಕಿಟ್‌ನ ಬೆನ್ನಿನ ಮೇಲೆ ಕೈಯಿಟ್ಟುಕೊಂಡೇ ಕುಳಿತಿದ್ದಳು. ನಿಜ ಹೇಳಬೇಕೆಂದರೆ ನಾನೂ ಉಬ್ಬುತಗ್ಗು ಕಂಡಲ್ಲೆಲ್ಲ ಕಾರನ್ನು ಮೆಲ್ಲಗೆ ದಾಟಿಸಿದೆ. ಆ ಬೆನ್ನು ನೆಟ್ಟಗಿರಲಿ, ನನ್ನ ಮಾನ ಹೇಗಾದರೂ ಹಾಳಾಗಿ ಹೋಗಲಿ ಎಂದುಕೊಂಡೆ.

ಬಿಸ್ಕಿಟ್ ತಕ್ಕಡಿಯ ಮೇಲೆ ಒಬ್ಬನೇ ನಿಲ್ಲುವುದಿಲ್ಲ. ಹಾಗಾಗಿ ನಾನು ಅವನನ್ನು ಎತ್ತಿಕೊಂಡು ನಿಲ್ಲುವುದು, ಬಳಿಕ ನಾನೊಬ್ಬನೇ ನಿಲ್ಲುವುದು, ಇದನ್ನು ಅದರಲ್ಲಿ ಕಳೆಯುವುದು. ಡಾಕ್ಟರು ಮೊದಲ ಅಂಕಿ ನೋಡಿ ಹುಬ್ಬು ಗಂಟಿಕ್ಕಿದರು.

"ಅಯ್ಯೋ. ಹೋದ ಸಲಕ್ಕಿಂತ ಜಾಸ್ತಿಯಾಗಿದೆಯಲ್ಲಾ!"

ಡಲ್ಸಿಯ ಕೈ ಬಾಯಿಗೆ ಹೋಯಿತು. ನಾನು ಬಿಸ್ಕಿಟ್‌ನನ್ನು ಅವಳ ಕೈಗೆ ಕೊಟ್ಟು ಒಬ್ಬನೇ ನಿಂತೆ. ಡಾಕ್ಟರು ಲೆಕ್ಕ ಹಾಕಿದರು, ಮತ್ತೊಮ್ಮೆ ಹಾಕಿದರು. ಮುಖದ ಗಂಟು ಮೆಲ್ಲಗೆ ಬಿಚ್ಚಿಕೊಂಡಿತು.

"ನಾಯಿ ಭರ್ಜರಿಯಾಗಿ ಇಳಿದಿದಾನೆ! ಬೆನ್ನೂ ಚೆನ್ನಾಗಿದೆ, ಇನ್ನು ಭಯ ಇಲ್ಲ." ಡಲ್ಸಿ ಅಲ್ಲೇ ಅತ್ತುಬಿಟ್ಟಳು. ಡಾಕ್ಟರು ನನ್ನ ಕಡೆ, ಅದರಲ್ಲೂ ಸೊಂಟದ ಆಸುಪಾಸಿಗೆ, ಕನ್ನಡಕದ ಮೇಲಿಂದ ನೋಡಿದರು. "ಆದ್ರೆ ನೀವು... ಏನ್ ತಿಂತಿದೀರಿ?"

ಪೈಗಳ ಕಥೆ ಹೊರಬೀಳಲು ಬಹಳ ಹೊತ್ತು ಹಿಡಿಯಲಿಲ್ಲ. ಡಲ್ಸಿ ಕಣ್ಣೊರೆಸಿಕೊಂಡು ಕೇಳಿದಳು, "ಡಾಕ್ಟ್ರೇ, ನಾಯಿಗೆ ಹೇಳಿದ ಊಟ ಮನುಷ್ಯರಿಗೆ ಕೊಡಬಹುದಾ?"

"ಯಾವ ತೊಂದ್ರೇನೂ ಇಲ್ಲ," ಎಂದರು ಆ ನಿರ್ದಯಿ.

ಆ ಸಂಜೆ ಅಡಿಗೆಮನೆಯಲ್ಲಿ ಒಂದೇ ಪಾತ್ರೆ ಬೆಂದಿತು. ಒಂದು ತಟ್ಟೆ ನೆಲದ ಮೇಲೆ, ಇನ್ನೊಂದು ಮೇಜಿನ ಮೇಲೆ. ನಾನು ಕುಳಿತು ನನ್ನ ಕುಂಬಳ, ಬೀನ್ಸ್‌ಗಳನ್ನು ಚಮಚದಲ್ಲಿ ಕೆದಕಿದೆ. ಎಷ್ಟು ಕೆದಕಿದರೂ ಅಲ್ಲಿ ಕುಂಬಳ ಮತ್ತು ಬೀನ್ಸ್ ಬಿಟ್ಟರೆ ಬೇರೇನೂ ಸಿಗಲಿಲ್ಲ. ಬಗ್ಗಿ ನೆಲದ ತಟ್ಟೆಯನ್ನು ನೋಡಿದೆ.

"ಡಲ್ಸಿ, ಅವನ ತಟ್ಟೇಲಿ ಕೋಳಿ ಇದೆ!"

"ಅವನು ತೂಕ ಇಳಿಸಿದಾನೆ," ಎಂದಳು ಡಲ್ಸಿ. "ನೀನೂ ಇಳಿಸು, ನೋಡೋಣ."