ಅಕ್ಕ ಬಿಡಿಸಿಟ್ಟ ಪುಸ್ತಕಗಳು

ನಮ್ಮ ಅಕ್ಕ ಹುಟ್ಟಿದ್ದೇ ಕೂಡಿದ್ದನ್ನು ಬಿಡಿಸುವುದಕ್ಕೆ! ಹಾಗೆಂದಮಾತ್ರಕ್ಕೆ ಅಣ್ಣತಮ್ಮಂದಿರನ್ನು ಪಾಲು ಮಾಡಿಸಿದವಳು, ಗಂಡಹೆಂಡಿರ ನಡುವೆ ಕಡ್ಡಿ ಇಟ್ಟವಳು ಎಂದು ಅವಳ ಮೇಲೆ ಸಿಟ್ಟಾಗಬೇಡಿ. (ಒಂದು ಮದುವೆ ಮುರಿದದ್ದು ಹೌದು. ಅದು ಆಮೇಲೆ.) ಅವಳು ಬಿಡಿಸಿದ್ದು ಪುಸ್ತಕಗಳನ್ನು. ಅದೂ ಕೈಯಲ್ಲಿ ಹಿಡಿಯುವ ಪುಸ್ತಕಗಳನ್ನಲ್ಲ. ಜಗತ್ತಿನ ಪುಸ್ತಕಗಳನ್ನೆಲ್ಲ ಯಾರು ಬರೆದರು ಎಂದು ದಾಖಲು ಮಾಡುವ ಗ್ರಂಥಾಲಯವೊಂದು ಕಂಪ್ಯೂಟರಿನೊಳಗೆ ಇದೆಯಂತೆ. ಅಲ್ಲಿ ತಪ್ಪಾಗಿ ಒಂದಕ್ಕೊಂದು ಅಂಟಿದ ಪುಸ್ತಕಗಳನ್ನು ಕಿತ್ತು ಬೇರೆ ಮಾಡುವುದು ಅವಳ ಉದ್ಯೋಗ. ಸಂಬಳ? ಇಲ್ಲ. ಊಟ? ನನ್ನ ಮನೆಯದ್ದು!

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅಬ್ಬಿಯ ಹಿಂದೆ ಮೀನಿನ ಬುಟ್ಟಿ ಹೊತ್ತವಳು. ಅಬ್ಬಿ ಎಂದರೆ ನಮ್ಮಮ್ಮ. ಅಕ್ಕ ಓದಿದಳು, ಮದುವೆ ಬೇಡ ಎಂದಳು, ಕುಂದಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಕಾದಂಬರಿ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಳು. ನನಗೆ ನಾಲ್ಕು ಸಾಲು ಬರೆಯಲು ಬಂದದ್ದು ಆ ಅಂಗಡಿಯ ಕಾದಂಬರಿಗಳನ್ನು ಪುಕ್ಕಟೆ ಓದಿದ್ದರಿಂದ. ತೊಂಬತ್ತೇಳನೇ ಇಸವಿಯ ಹೊತ್ತಿಗೆ ಊರ ಹೆಂಗಸರೆಲ್ಲ ಟೀವಿ ಮುಂದೆ ಕೂತರು. ಅಕ್ಕ ಅಂಗಡಿ ಮುಚ್ಚಿ ನಮ್ಮ ಮನೆಗೆ ಬಂದಳು.

ಬಂದವಳು ಸುಮ್ಮನೆ ಕೂರುತ್ತಾಳೆಯೆ? ನಾನು ಒಣಗಲು ಹಾಕಿದ ಬೈಗೆ ಮೀನಿನ ರಾಶಿಯಲ್ಲಿ ಅದರ ಹಾಗೆಯೇ ಕಾಣುವ ಇನ್ನೊಂದು ಮೀನನ್ನು ಹುಡುಕಿ ಹುಡುಕಿ ಆಚೆ ಇಡುತ್ತಿದ್ದಳು.

"ಇದ್ ಬೇರೆ ಜಾತಿ ಕಾಣ್. ಒಟ್ಟಿಗ್ ಹಾಕುಕಾಗ."

"ಸಾರಿಗ್ ಬಿದ್ರೆ ಎರಡೂ ಒಂದೇ ಮರಾಯ್ತಿ!"

"ನಿನ್ ಬಾಯಿಗೆ ಒಂದೇ. ಮೀನಿಗ್ ಅಲ್ಲ."

ಇಷ್ಟು ಶಿಸ್ತಿನವಳು ಚಿಕ್ಕಂದಿನಲ್ಲಿ ಒಂದನ್ನು ಮಾತ್ರ ಬಿಡಿಸಿ ನೋಡಲಿಲ್ಲ: ತಾನು ಮಾಡಿದ್ದು ಯಾವುದು, ನಾನು ಮಾಡಿದ್ದು ಯಾವುದು ಎಂದು. ಸಾರಿನ ಮಡಕೆ ಒಡೆದವಳು ನಾನಾದರೂ "ನಾನೇ ಅಬ್ಬಿ" ಎಂದು ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ನಾನು ಬಾಗಿಲ ಹಿಂದಿನಿಂದ ಪೆಟ್ಟಿನ ಸದ್ದು ಕೇಳುತ್ತಿದ್ದೆ.

ಮಗಳ ಕಾಲೇಜಿಗೆಂದು ಕಂಪ್ಯೂಟರ್ ತಂದೆವು. ಅದನ್ನು ಹಿಡಿದು ಕೂತವಳು ದೊಡ್ಡಮ್ಮ! ನಮ್ಮ ಕಡೆ ಹೆಸರಿಗೆ ಬರ ನೋಡಿ. ಬಸ್ಸಿನಲ್ಲಿ "ಮಂಜುನಾಥ" ಎಂದು ಕೂಗಿದರೆ ಡ್ರೈವರ್ ಸಹಿತ ತಿರುಗುತ್ತಾನೆ. ಒಂದೇ ಹೆಸರಿನ ಇಬ್ಬರು ಪುಸ್ತಕ ಬರೆದರೆ ಎಲ್ಲೋ ದೂರದಲ್ಲಿ ಕೂತವರಿಗೆ ಹೇಗೆ ತಿಳಿಯಬೇಕು? ಇಬ್ಬರನ್ನೂ ಒಬ್ಬರೇ ಎಂದು ಕೂಡಿಸಿಬಿಡುತ್ತಾರೆ. ಅಕ್ಕನಿಗೆ ಅದನ್ನು ಕಂಡರೆ ಅನ್ನ ಇಳಿಯುವುದಿಲ್ಲ. ಖಾತ್ರಿ ಮಾಡಿಕೊಳ್ಳಲು ಬಸ್ಸು ಹತ್ತಿ ಹೊರಟೇಬಿಡುತ್ತಾಳೆ.

ಒಮ್ಮೆ ನನ್ನನ್ನೂ ಅಮಾಸೆಬೈಲಿಗೆ ಎಳೆದುಕೊಂಡು ಹೋದಳು. ಅಲ್ಲಿಯ ಅಜ್ಜನೊಬ್ಬರು ಅಡಿಕೆಯ ಕೊಳೆರೋಗದ ಬಗ್ಗೆ ಪುಸ್ತಕ ಬರೆದಿದ್ದರು. ಅದೇ ಹೆಸರಿನ ಇನ್ನೊಬ್ಬರ ಪ್ರೇಮ ಕಾದಂಬರಿ ಅವರ ಲೆಕ್ಕಕ್ಕೆ ಬಿದ್ದಿತ್ತು. ಮನೆಯಲ್ಲಿ ಯಾರೋ ಅದನ್ನು ಅಜ್ಜಿಗೆ ತೋರಿಸಿದ್ದರು! ಅಂದಿನಿಂದ ಅಜ್ಜಿ ಮಾತು ಬಿಟ್ಟಿದ್ದರು.

"ಹ್ವಾಯ್, ಬನಿ ಬನಿ!" ಎಂದು ಅಜ್ಜ ಅಂಗಳಕ್ಕೇ ಓಡಿ ಬಂದರು. "ಇವ್ಳಿಗ್ ಒಂಚೂರ್ ಹೇಳಿ. ನಾ ಬರ್ದದ್ದ್ ಕೊಳೆರೋಗದ್ದ್ ಮಾತ್ರ!"

"ಪ್ರಾಯದಲ್ ಎಂತೆಂತ ಬರ್ದಿರೋ, ಯಾರಿಗ್ ಗೊತ್ತಿತ್ತ್?" ಎಂದು ಒಳಗಿನಿಂದ ಅಜ್ಜಿ.

ಪ್ರೇಮದವರು ವಂಡ್ಸೆಯವರು, ಮದುವೆಯೇ ಆಗದವರು ಎಂದು ಅಕ್ಕ ಸಾಕ್ಷಿ ಸಮೇತ ಹೇಳಿದ ಮೇಲೆ ನಮಗೆ ಚಹಾ ಸಿಕ್ಕಿತು. ಬಸ್ಸಿನವರೆಗೆ ಬಂದ ಅಜ್ಜ ಮೆಲ್ಲಗೆ ಏನೆಂದರು ಗೊತ್ತೆ? "ಗಡಿಬಿಡಿ ಎಂತ ಇಲ್ಲ ಅಕ್ಕ. ಇನ್ನೊಂದ್ ನಾಲ್ಕ್ ದಿನ ನನ್ ಹೆಸ್ರಲ್ಲೇ ಇರ್ಲಿ!"

ಇನ್ನು ಆ ಮದುವೆ. ಮಗಳನ್ನು ನೋಡಲು ಬ್ರಹ್ಮಾವರದಿಂದ ಗಂಡಿನ ಕಡೆಯವರು ಬಂದರು. ಒಳ್ಳೆಯ ಸಂಬಂಧ, ನಾನು ಎರಡು ದಿನದಿಂದ ಮನೆ ತೊಳೆದಿದ್ದೆ. ಗಂಡಿನ ತಂದೆ ಕಾಲು ಚಾಚಿ ಕೂತು, ಈ ಕರಾವಳಿಯ ಚರಿತ್ರೆ ಬರೆದವರು ತನ್ನ ಅಪ್ಪಯ್ಯನೇ ಎಂದರು. ಒಳಗೆ ಚಹಾ ಸೋಸುತ್ತಿದ್ದ ಅಕ್ಕ ಸೋಸುವುದನ್ನು ಬಿಟ್ಟು ಹೊರಗೆ ಬಂದಳು.

"ಅಲ್ಲ. ಅದ್ ಬರ್ದವ್ರ್ ಬೈಂದೂರಿನವ್ರ್. ಹೆಸ್ರ್ ಮಾತ್ರ ಒಂದೇ. ನಿಮ್ ಅಪ್ಪಯ್ಯ ಬರ್ದದ್ದ್ ಮೂಲವ್ಯಾಧಿಯ ಮನೆಮದ್ದಿನ್ ಪುಸ್ತಕ. ಹೋದ್ ವಾರ ನಾನೇ ಎರಡನ್ನೂ ಬಿಡ್ಸಿ ಇಟ್ಟದ್ದ್."

ಅವರು ತಿಂಡಿಯ ತಟ್ಟೆ ಕೆಳಗಿಟ್ಟು ಎದ್ದರು. ನಾನು ಕೈಮುಗಿದು ಹಿಂದೆ ಓಡಿದೆ, ಅಕ್ಕ ನನ್ನ ಹಿಂದೆ ಓಡಿದಳು. ಕಾರು ಹೊರಡುವಾಗ ಅವಳು ಕೂಗಿ ಹೇಳಿದ್ದು: "ಅದೂ ಒಳ್ಳೇ ಪುಸ್ತಕವೇ ಹ್ವಾಯ್! ಎರಡ್ ಸಲ ಅಚ್ಚ್ ಆಯಿತ್!"

ಮಗಳು ಹೊಟ್ಟೆ ಹಿಡಿದು ನಕ್ಕಳು. ಮುಂದೆ ಉಪ್ಪುಂದದ ಹುಡುಗನನ್ನು ಮದುವೆಯಾಗಿ ಸುಖವಾಗಿಯೇ ಇದ್ದಾಳೆ. ನಾನು ಮಾತ್ರ ನಗಲಿಲ್ಲ. ಬುಟ್ಟಿ ಹೊತ್ತವಳು ನಾನು, ಓದಿದವಳು ಅವಳು. ಆ ಓದು ನನ್ನ ಜಗಲಿಯಲ್ಲೇ ನಿಂತು ನನ್ನ ಮಗಳ ಸಂಬಂಧ ಓಡಿಸಿತಲ್ಲ ಎಂದು ನನಗೆ ಉರಿ.

ಗಂಡಿನವರು ಎದ್ದುಹೋದ ಮರುದಿನ ಬೆಳಿಗ್ಗೆ ಅಕ್ಕ ನೆಂಟರ ಮನೆಯ ಸೀಮಂತದ ಊಟಕ್ಕೆ ಬೈಂದೂರಿಗೆ ಹೋದಳು. ನಾನು ಮೀನಿನ ಕೈ ತೊಳೆದು ಅವಳ ಕುರ್ಚಿಯಲ್ಲಿ ಕೂತೆ. ಒಳಹೋಗುವ ಗುಟ್ಟಿನ ಪದ ನನಗೆ ಗೊತ್ತಿತ್ತು. ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳಿಕೊಂಡು ಒತ್ತುವವಳು ಅವಳು. ಏನು ಪದ ಎಂದಿರಾ? ನನ್ನ ಹೆಸರು.

ನನ್ನ ಹೆಸರನ್ನೇ ಒತ್ತಿ ಒಳಗೆ ಹೋದೆ. ಬಿಡಿಸಲು ಅವಳಿಗೆ ವಾರಗಟ್ಟಲೆ ಬೇಕಾಗುತ್ತಿತ್ತು. ಕೂಡಿಸಲು ಏನು? ಎರಡು ಚೌಕಕ್ಕೆ ಗುರುತು, ಒಂದು ಗುಂಡಿ! ಅಮಾಸೆಬೈಲಿನ ಅಜ್ಜನಿಗೆ ಪ್ರೇಮ ವಾಪಸು ಅಂಟಿಸಿದೆ. ಬ್ರಹ್ಮಾವರದವರಿಗೆ ಚರಿತ್ರೆ ವಾಪಸು ಕೊಟ್ಟೆ. ಹಿಂದಿನದ್ದು, ಅದರ ಹಿಂದಿನದ್ದು, ಕಣ್ಣಿಗೆ ಕಂಡದ್ದನ್ನೆಲ್ಲ ಕೂಡಿಸಿದೆ. ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿದೆ. ಇಷ್ಟು ಹೊತ್ತು ನಿಮ್ಮನ್ನು ನಗಿಸಿದ್ದು ಈ ನಾಲ್ಕು ಸಾಲು ಬರೆಯುವ ಧೈರ್ಯ ಬರಲಿ ಎಂದು.

ಎರಡು ದಿನದಲ್ಲಿ ಆ ಗ್ರಂಥಾಲಯದವರಿಂದ ಒಂದು ಸಂದೇಶ ಬಂತು. ಮಗಳು ಓದಿ ಹೇಳಿದಳು: ನಿಮ್ಮ ಹೆಸರಿನಿಂದ ಬಹಳ ತಪ್ಪುಗಳಾಗಿವೆ, ಇನ್ನು ಮುಂದೆ ನೀವು ತಿದ್ದುವಂತಿಲ್ಲ. ಅಕ್ಕ ಪರದೆಯ ಮೇಲಿನ ತಪ್ಪುಗಳ ಪಟ್ಟಿಗೆ ಒಂದೊಂದಾಗಿ ಬೆರಳಿಟ್ಟು ನೋಡಿದಳು.

"ನನ್ ಹೆಸ್ರಲ್ಲೇ ಇತ್ತ್ ಕಾಣ್," ಎಂದಳು ಕೊನೆಗೆ. "ನಾನೇ ಮಾಡಿರ್ಬೇಕ್. ನಂಗ್ ನೆನಪೇ ಇಲ್ಲ."

ನಾನು ಅಕ್ಕಿ ತೊಳೆಯುತ್ತಿದ್ದೆ. ತಲೆ ಎತ್ತದೆ ಹೇಳಿದೆ: "ಪ್ರಾಯ ಆಯ್ತ್ ಅಲ್ದಾ ಅಕ್ಕ?"

ಕೂಡಿಸಿದ್ದು ಸಿಟ್ಟಿನಲ್ಲಿ. ಈ ಮಾತು ಹೇಳಿದ್ದು ಸಿಟ್ಟಿಲ್ಲದೆ. ಅದಕ್ಕೇ ಇದು ಅದಕ್ಕಿಂತ ದೊಡ್ಡ ತಪ್ಪು.

ಅಕ್ಕ ಹಳೆಯ ಸೀರೆಯ ತುಂಡೊಂದನ್ನು ಕಂಪ್ಯೂಟರಿಗೆ ಹೊದೆಸಿದಳು. ಮತ್ತೆ ತೆಗೆಯಲಿಲ್ಲ.

ಕೆಲವು ವರ್ಷಗಳಲ್ಲಿ ನಿಜವಾದ ಮರೆವು ಬಂತು. ಒಲೆ ಮರೆತಳು, ಬಳಿಕ ದಾರಿ ಮರೆತಳು. ಯಾರಾದರೂ "ಮರೆವು" ಎಂದು ಹೇಳಿದರೆ ಆ ಮಾತಿನಿಂದಲೇ ಮರೆವು ಹತ್ತಿಕೊಳ್ಳುತ್ತದೆಯೆ? ನಾನು ಡಾಕ್ಟರನ್ನು ಕೇಳಿದೆ. ಡಾಕ್ಟರು "ಹಾಗೆಲ್ಲ ಬರುವ ಕಾಯಿಲೆ ಅಲ್ಲಮ್ಮ ಇದು" ಎಂದರು. ನಾನು ಮಾಡಿದ್ದು ಅವರಿಗೆ ಗೊತ್ತಿಲ್ಲ.

ಈಗ ನಾನು ಎರಡು ಜಾತಿಯ ಮೀನನ್ನು ಬೇಕೆಂದೇ ಬೆರೆಸಿ ಅವಳ ಮುಂದೆ ಇಡುತ್ತೇನೆ. ಒಮ್ಮೆ ಬೈಯಲಿ ಎಂದು. ಅವಳು ಬುಟ್ಟಿಯನ್ನು ನೋಡಿ ನಗುತ್ತಾಳೆ. ನನ್ನನ್ನು "ಅಬ್ಬಿ" ಎನ್ನುತ್ತಾಳೆ. ತೀರಿಹೋದ ಅಬ್ಬಿಯನ್ನೂ ನನ್ನನ್ನೂ ಅವಳೊಳಗೆ ಯಾರೋ ಒಂದು ಮಾಡಿಬಿಟ್ಟಿದ್ದಾರೆ. ಇದನ್ನು ಬಿಡಿಸಲು ಗೊತ್ತಿದ್ದವಳು ಅವಳೊಬ್ಬಳೇ.

ಮೊನ್ನೆ ಅವಳ ತಲೆಗೆ ಎಣ್ಣೆ ಹಾಕುತ್ತಿದ್ದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೇಳಿಬಿಟ್ಟೆ.

"ಅಕ್ಕ, ಆ ಪುಸ್ತಕ ಎಲ್ಲ ಹಾಳ್ ಮಾಡಿದ್ದ್ ನೀನಲ್ಲ. ನಿನ್ ತಂಗಿ. ನೀ ಬೈಂದೂರಿಗ್ ಹೋದ್ ದಿನ."

ಅವಳು ಬೆಚ್ಚಿ ನನ್ನ ಎಣ್ಣೆಯ ಕೈ ಹಿಡಿದುಕೊಂಡಳು. ಮುಖ ಸಣ್ಣ ಹುಡುಗಿಯದ್ದಾಗಿತ್ತು.

"ತಂಗಿಗ್ ಹೊಡಿಬೇಡ ಅಬ್ಬಿ," ಎಂದಳು. "ಅದ್ ನಾನೇ ಮಾಡಿದ್ದ್."

ಹಾಗೆಂದು ಕೈ ಬಿಟ್ಟು, ಬೆನ್ನು ನನ್ನ ಕಡೆ ತಿರುಗಿಸಿ, ತಲೆ ತಗ್ಗಿಸಿ ಕೂತಳು.